ಮೊದಲು ಸದ್ದು ಬರೆ

ಪ್ರೀತಿಯ ತಂಗಿ,

ಬರ್ಲಿನ್‌ನಿಂದ ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಯಹೂದಿ ಮ್ಯೂಸಿಯಂನ ಆ ಕಬ್ಬಿಣದ ಮುಖಗಳ ಬಗ್ಗೆ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ಖುಷಿ. ಆದರೆ ಬರಹದಲ್ಲಿ ಸದ್ದೇ ಇಲ್ಲ. ‘ಅದ್ಭುತ’ ಇದೆ, ‘ಅಲೌಕಿಕ’ ಇದೆ. ನಿನ್ನ ಕಿವಿಗೆ ಏನು ಬಿತ್ತು ಅನ್ನೋದು ಮಾತ್ರ ಎಲ್ಲೂ ಇಲ್ಲ.

ನಾನೂ ಅಲ್ಲಿಗೆ ಹೋಗಿದ್ದೆ. ಇಸ್ರೇಲಿನ ಕಲಾವಿದ ಮೆನಾಶೆ ಕದಿಶ್ಮಾನ್ ಮಾಡಿದ ‘ಶಲೆಖೆತ್’, ಅಂದರೆ ಉದುರಿದ ಎಲೆಗಳು. ದಪ್ಪ ಕಬ್ಬಿಣದ ತಟ್ಟೆಯಲ್ಲಿ ಕೊರೆದ 10,000ಕ್ಕೂ ಹೆಚ್ಚು ಮುಖಗಳು, ಎಲ್ಲದರ ಬಾಯಿ ತೆರೆದೇ ಇದೆ. ಎತ್ತರದ ಕಾಂಕ್ರೀಟ್ ಗೋಡೆಗಳ ನಡುವೆ ನೆಲದ ತುಂಬ ಹರಡಿವೆ. ಮೆಲ್ಲಗೆ ಕಾಲಿಟ್ಟರೂ ಖಣ್ ಅನ್ನುತ್ತದೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟೆ. ಮುಂದೆ ಹೋದರೂ ಒಂದು ಮುಖ ತುಳಿಯಬೇಕು, ಹಿಂದೆ ಬಂದರೂ ತುಳಿಯಬೇಕು. ಸದ್ದು ಮಾಡುತ್ತಿದ್ದದ್ದು ನನ್ನ ಕಾಲೇ. ನಿನ್ನ ಬರಹ ಆ ಹೆಜ್ಜೆಯಿಂದ ಶುರುವಾಗಲಿ.

ಇನ್ನು ಕಬ್ಬಾಲಾ, ಅಂದರೆ ಯಹೂದಿಗಳ ಅನುಭಾವ ಪರಂಪರೆಯ ವಿಷಯ. ಗೋಡೆಗಳ ನಡುವಿನ ಆ ಖಾಲಿ ಜಾಗ ನೋಡಿ ನಿನಗೆ ಕಬ್ಬಾಲಾ ಗುರು ಲೂರಿಯಾ ನೆನಪಾದದ್ದು ಸಹಜ. 16ನೇ ಶತಮಾನದಲ್ಲಿ ಸಫೆದ್ ಊರಿನಲ್ಲಿ ಅವರು ಹೇಳಿದ್ದು ಅಂಥ ಮಾತೇ. ಲೋಕಕ್ಕೆ ಜಾಗ ಬೇಕು ಅಂತ ದೇವರು ತನ್ನೊಳಗೇ ಸರಿದುಕೊಂಡ. ಆಮೇಲೆ ಬೆಳಕು ತುಂಬಿದ ಪಾತ್ರೆಗಳು ತಡೆಯಲಾರದೆ ಒಡೆದವು, ಕಿಡಿಗಳು ಚದುರಿದವು. ಆದರೆ ಇದು ನಿನ್ನ ಓದು, ಕಲಾವಿದನ ಬಾಯಿಗೆ ಹಾಕಬೇಡ. ಕದಿಶ್ಮಾನ್ ಈ ಕೆಲಸವನ್ನು ಯುದ್ಧಕ್ಕೆ, ಹಿಂಸೆಗೆ ಬಲಿಯಾದ ಎಲ್ಲರಿಗೂ ಅರ್ಪಿಸಿದ್ದಾರೆ. ಅದನ್ನು ಮೊದಲು ಹೇಳು.

‘ಇದು ನಮ್ಮ ನಾದಬ್ರಹ್ಮವೇ’ ಅಂತ ಬರೆದಿದ್ದೀಯಲ್ಲ, ದಯವಿಟ್ಟು ಆ ಸಾಲು ತೆಗೆದುಬಿಡು. ಲೂರಿಯಾ ಕಥೆಯಲ್ಲಿ ದೇವರು ಹಿಂದೆ ಸರಿಯುತ್ತಾನೆ, ಪಾತ್ರೆ ಒಡೆಯುತ್ತದೆ. ನಾದಬ್ರಹ್ಮದಲ್ಲಿ ಆ ಒಡಕು ಎಲ್ಲಿದೆ? ‘ಓ, ನಮಗೆ ಗೊತ್ತಿರುವುದೇ’ ಅನ್ನಿಸಿದ ಕೂಡಲೇ ಓದುವವರು ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಅದರ ಬದಲು ಯಹೂದಿಗಳ ಹಳೆಯ ಗ್ರಂಥ ‘ಸೆಫರ್ ಯೆಟ್ಸಿರಾ’ ನೋಡು. ಹೀಬ್ರೂ ಭಾಷೆಯ 22 ಅಕ್ಷರಗಳಿಂದ ಲೋಕ ಆಯಿತು ಅನ್ನುತ್ತದೆ ಅದು. ಅದರಲ್ಲಿ ಮೂರು ತಾಯಿ ಅಕ್ಷರಗಳು. ಮೆಮ್ ತುಟಿ ಮುಚ್ಚಿದ ಗುಂಯ್, ಶಿನ್ ಬುಸುಗುಡುವ ಸದ್ದು. ಎರಡರ ನಡುವೆ ಆಲೆಫ್, ಬರೀ ಉಸಿರು. ಬರೆಯುವ ಮೊದಲು ಈ ಮೂರನ್ನೂ ಜೋರಾಗಿ ಹೇಳಿ ನೋಡು. ಪರಿಭಾಷೆಗಿಂತ ಅದೇ ಜಾಸ್ತಿ ಕಲಿಸುತ್ತದೆ.

ಇನ್ನೊಂದು ವಿಷಯ ನನಗೆ ವಾಪಸ್ ಬಂದ ಮೇಲೆ ತಿಳಿಯಿತು. ಆ ಕಟ್ಟಡ ಮಾಡಿದ ಡೇನಿಯಲ್ ಲಿಬೆಸ್ಕಿಂಡ್ ಮನಸ್ಸಿನಲ್ಲಿ ಸಂಗೀತಕಾರ ಶೋನ್‌ಬರ್ಗ್ ಅವರ ಅಪೂರ್ಣ ಒಪೆರಾ (ಹಾಡಿನ ನಾಟಕ) ‘ಮೋಸೆಸ್ ಮತ್ತು ಆರೋನ್’ ಇತ್ತು. ಎರಡನೇ ಅಂಕದ ಕೊನೆಯಲ್ಲಿ ಯಹೂದಿಗಳ ಪ್ರವಾದಿ ಮೋಸೆಸ್ ತನಗೆ ಮಾತೇ ಸಿಗುತ್ತಿಲ್ಲ ಅಂತ ಕುಸಿಯುತ್ತಾನೆ. ಮೂರನೇ ಅಂಕಕ್ಕೆ ಶೋನ್‌ಬರ್ಗ್ ಮಾತು ಬರೆದರು, ಸಂಗೀತ ಪೂರ್ತಿ ಆಗಲೇ ಇಲ್ಲ. ಅದನ್ನು ಕಟ್ಟಡದಲ್ಲಿ ಮುಗಿಸುವ ಆಸೆ ಲಿಬೆಸ್ಕಿಂಡ್ ಅವರದು. ಇದು ಗೊತ್ತಾದ ಮೇಲೆ ಆ ಖಣ್ ಸದ್ದು ನನಗೆ ಬೇರೆಯೇ ಆಗಿ ನೆನಪಾಗುತ್ತಿದೆ.

ಇನ್ನೊಮ್ಮೆ ಹೋಗು. ಜನ ಕಡಿಮೆ ಇರುವ ಹೊತ್ತು ನೋಡಿಕೋ. ಫೋನ್ ಒಳಗಿಡು. ನಡೆ, ನಿಲ್ಲು, ಬೇರೆಯವರು ನಡೆಯುವಾಗ ಸುಮ್ನೆ ಕೇಳು. ಅವತ್ತೇ ರಾತ್ರಿ ಒಂದು ಪುಟ ಬರೆದು ನನಗೆ ಕಳಿಸು.

ನಿನ್ನ,
ಅಕ್ಕ