ನಿದ್ದೆ ಬರಲಿಲ್ಲ, ಹೆಸರುಪಟ್ಟಿ ನೋಡಲು ಬಿಡಲಿಲ್ಲ

ಮಾನ್ಯ ಸಂಪಾದಕರೆ,

ಭಾನುವಾರದ ಪುರವಣಿಯಲ್ಲಿ ತಮ್ಮ ವಿಮರ್ಶಕರು ಆ ಅನಿಮೇಷನ್ ಚಿತ್ರವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ, ಮಕ್ಕಳನ್ನು ಕರೆದೊಯ್ಯುವ ಹಿರಿಯರು ಒಂದು ನಿದ್ದೆ ತೆಗೆಯಬಹುದೆಂದು ಬರೆದಿದ್ದರು. ಅದನ್ನು ನಂಬಿ, ನಿದ್ದೆಗೆ ಸಿದ್ಧನಾಗಿಯೇ ನಿನ್ನೆ ಮೊಮ್ಮಗಳೊಡನೆ ಹೋಗಿದ್ದೆ. ನಿದ್ದೆ ಬರಲಿಲ್ಲ. ಒಂಟಿಯಾದ ಮುದಿ ಕರಡಿ ಅಭ್ಯಾಸಬಲದಿಂದ ಎರಡು ಹಾಸಿಗೆ ಹಾಸಿ, ಅನಂತರ ಒಂದನ್ನು ಸದ್ದಿಲ್ಲದೆ ಸುತ್ತಿಡುವ ದೃಶ್ಯದಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಕಾರಣ ನನ್ನ ಮನೆಯ ವಿಚಾರ, ಇಲ್ಲಿ ಬೇಡ. ಹಾಸಿಗೆ ಸುತ್ತುವಾಗ ಕರಡಿ ಮುಗ್ಗರಿಸಿದ್ದಕ್ಕೆ ಮೊಮ್ಮಗಳು ಗಹಗಹಿಸಿ ನಕ್ಕಳು. ಒಂದೇ ಚಿತ್ರ ಏಳು ವರ್ಷದವಳಿಗೂ ಎಪ್ಪತ್ತರವನಿಗೂ ಅವರವರ ಪಾಲನ್ನು ಕೊಡುತ್ತದೆಂದು ನಾನು ಎಣಿಸಿರಲಿಲ್ಲ.

ಆದರೆ ಈ ಸಂತೋಷವನ್ನು ಮನೆಯವರೆಗೂ ಒಯ್ಯಲು ಚಿತ್ರಮಂದಿರದವರು ಬಿಡಬೇಕಲ್ಲ. ಜಾಹೀರಾತುಗಳಿಗೆ ಇಪ್ಪತ್ತೈದು ನಿಮಿಷ ಧಾರಾಳವಾಗಿ ಕೊಟ್ಟವರು ಕೊನೆಯ ದೃಶ್ಯ ಮುಗಿಯುತ್ತಲೇ ದೀಪ ಹೊತ್ತಿಸಿ, ತೆರೆಯನ್ನು ಆರಿಸಿ, ಪೊರಕೆ ಹಿಡಿದು ನಮ್ಮ ಕಾಲ ಬುಡಕ್ಕೇ ಬಂದರು. ಕರಡಿಯನ್ನು ಬರೆದವರು ಯಾರೆಂದು ಮೊಮ್ಮಗಳು ಕೇಳುತ್ತಿದ್ದಳು. ಉತ್ತರ ಹೆಸರುಪಟ್ಟಿಯಲ್ಲಿತ್ತು, ಪಟ್ಟಿ ಕತ್ತಲಾಗಿತ್ತು. ಸೆಕೆಂಡಿಗೆ 24 ಚೌಕಟ್ಟುಗಳಂತೆ, ಅಂದರೆ 24 ಬಿಡಿ ಚಿತ್ರಗಳಂತೆ (ಫ್ರೇಮ್), ಲೆಕ್ಕ ಹಾಕಿದರೆ 90 ನಿಮಿಷದ ಚಿತ್ರಕ್ಕೆ 1,29,600 ಚೌಕಟ್ಟುಗಳಾಗುತ್ತವೆ. ಕಂಪ್ಯೂಟರಿನಲ್ಲಿ ಅಂಥ ಒಂದೊಂದು ಚೌಕಟ್ಟು ಸಿದ್ಧವಾಗಲು ಹಲವು ಗಂಟೆಗಳೇ ಹಿಡಿಯುವುದುಂಟು. ಇಷ್ಟು ದುಡಿದವರ ಹೆಸರಿಗೆ ಐದು ನಿಮಿಷ ಕೊಡಲಾಗದಷ್ಟು ಅವಸರ ಕಸಕ್ಕೆ ಇತ್ತೆಂದು ತಿಳಿಯೋಣ.

ಆಸನಗಳ ಮಾತು ಹೇಳುವುದೇ ಬೇಡ. ಮಕ್ಕಳ ಚಿತ್ರವೆಂದು ಸಾರುವವರ ಬಳಿ ಮಕ್ಕಳಿಗೆ ಎತ್ತರದ ಒಂದು ಮೆತ್ತೆಯೂ ಇಲ್ಲವಾದ್ದರಿಂದ ಮೊಮ್ಮಗಳು ಚಿತ್ರ ಮುಗಿಯುವವರೆಗೆ ನನ್ನ ತೊಡೆಯ ಮೇಲಿದ್ದಳು, ನನ್ನ ಕಾಲು ಇಂದಿಗೂ ಜೋಮು ಹಿಡಿದಂತಿದೆ. ಇದೇ ಮಂದಿರದ ಆಸನಗಳ ಬಗ್ಗೆ, ತುರ್ತು ಬಾಗಿಲಿಗೆ ಹಾಕಿದ ಬೀಗದ ಬಗ್ಗೆ ಪರವಾನಗಿ ಕಚೇರಿಗೆ ನಾನು ಮೊದಲ ಅರ್ಜಿ ಕೊಟ್ಟಾಗ ಈ ಮೊಮ್ಮಗಳು ಹುಟ್ಟಿರಲಿಲ್ಲ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿತು. ಪರಿಶೀಲಿಸಲು ಬಂದವರು ಹಿಂದಿನ ಸಾಲಿನಲ್ಲಿ ಪುಕ್ಕಟೆ ಸಿನಿಮಾ ನೋಡಿ ಹೋದರೆಂದು ಬಾಗಿಲು ಕಾಯುವವರೇ ನಕ್ಕು ಹೇಳಿದ್ದರು. ಅವರಿಗೂ ಹೆಸರುಪಟ್ಟಿ ತೋರಿಸಿರಲಾರರು.

ಇಂಥ ಚಿತ್ರಗಳೆಂದರೆ ಎಲ್ಲರಿಗೂ ಅಸಡ್ಡೆ. ಪೂರ್ಣಾವಧಿಯ ಅನಿಮೇಷನ್ ಚಿತ್ರಗಳು 1937ಕ್ಕೂ ಮೊದಲಿನಿಂದ ಬರುತ್ತಿದ್ದರೂ ಅವುಗಳಿಗೆಂದೇ ಆಸ್ಕರ್ ಪ್ರಶಸ್ತಿ ಕೊಡಲು ಶುರುವಾದದ್ದು 2002ರಲ್ಲಿ. ದೊಡ್ಡವರೇ ಹೀಗಿದ್ದ ಮೇಲೆ ಪೊರಕೆ ಹಿಡಿದವರನ್ನು ಅಂದು ಏನು ಫಲ?

ಸಂಬಂಧಪಟ್ಟ ಅಧಿಕಾರಿಗಳು ಈಗಲಾದರೂ ಸೂಕ್ತ ಕ್ರಮ ಕೈಗೊಳ್ಳಬೇಕು, ಕೈಗೊಳ್ಳಲಾಗದಿದ್ದರೆ ಹಾಗೆಂದಾದರೂ ತಿಳಿಸಬೇಕು. ತಮ್ಮ ವಿಮರ್ಶಕರು ಆ ಚಿತ್ರವನ್ನು ಇನ್ನೊಮ್ಮೆ ನೋಡಲಿ, ಈ ಸಲ ಎಚ್ಚರವಾಗಿದ್ದು.

– ಓರ್ವ ಹಿರಿಯ ಓದುಗ