ಭಾನುವಾರದ ಮಾತುಕತೆ: ಕೆನೆತ್ ಕ್ಲಾರ್ಕ್

ಸದಸ್ಯರಿಗೆ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಬದಿಯಡ್ಕದ ನಮ್ಮ ವಾಚನಾಲಯದಲ್ಲಿ ಅಮೆರಿಕದ ಸಮಾಜ ಮನೋವಿಜ್ಞಾನಿ ಕೆನೆತ್ ಕ್ಲಾರ್ಕ್ ಅವರ ಬಗ್ಗೆ ಮಾತುಕತೆಯಿದೆ. ಅಸಮಾನತೆ ಎಳೆಯ ಮನಸ್ಸನ್ನು ಹೇಗೆ ಹೊಗುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ.

ಬಣ್ಣವೊಂದನ್ನು ಬಿಟ್ಟರೆ ಒಂದೇ ತೆರನಾದ ನಾಲ್ಕು ಗೊಂಬೆಗಳು. ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಕ್ಲಾರ್ಕ್ ಅವನ್ನಿಟ್ಟು ‘ಚೆಂದದ ಗೊಂಬೆ ಯಾವುದು? ಕೆಟ್ಟದ್ದು ಯಾವುದು?’ ಎಂದು ಕೇಳಿದರು. ಹೆಚ್ಚಿನವರು ಬಿಳಿಯದನ್ನೇ ಚೆಂದವೆಂದರು. ‘ನಿನ್ನ ಹಾಗಿರುವುದು ಯಾವುದು?’ ಎಂದಾಗ ಕೆಲವರು ಅಳುತ್ತಾ ಕೋಣೆಯಿಂದ ಓಡಿಹೋದರು. ಇದನ್ನು ಓದಿ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ.

ಈ ಕೆಲಸಕ್ಕೆ ನಾಂದಿ ಹಾಡಿದ್ದು ಪತ್ನಿ ಮೇಮಿ ಅವರ ಸ್ನಾತಕೋತ್ತರ ಅಧ್ಯಯನ. ಅವರನ್ನು ಬಿಟ್ಟು ಮಾತನಾಡುವುದು ಸಲ್ಲದು. 1946ರಲ್ಲಿ ದಂಪತಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಕ್ಕಳಿಗಾಗಿ ಕೇಂದ್ರ ತೆರೆದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ತೀರ್ಪು ಕ್ಲಾರ್ಕ್ ಅವರ ಬರಹವನ್ನು ಉಲ್ಲೇಖಿಸಿತು.

ಇದು ನಮ್ಮದೂ ಪ್ರಶ್ನೆ: ಕೇರಳದಲ್ಲಿರುವ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಚೇರಿಯಲ್ಲಿ, ಅಂಗಡಿಯಲ್ಲಿ ಬಾಯಿ ತೆರೆಯಲು ಏಕೆ ಅಳುಕುತ್ತಾರೆ? ಅಧ್ಯಾಪಕರು ತಾವು ಕಂಡದ್ದನ್ನು ದಯವಿಟ್ಟು ಹಂಚಿಕೊಳ್ಳಿ, ಮಕ್ಕಳ ಹೆಸರು ಮಾತ್ರ ಬೇಡ. ಪೆರ್ಲ, ಕುಂಬಳೆ ಕಡೆಯವರಿಗೆ ಬಸ್ ತಪ್ಪಬಾರದೆಂದು ಹೊತ್ತಿಗೆ ಸರಿಯಾಗಿ ಆರಂಭಿಸುತ್ತೇವೆ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲಿ ತಿಳಿಸಿ.