ಕಝನ್ಲಾಕ್ ಮೇಯರ್ ಅವರಿಗೆ: ಮುಳುಗಿದ ರಾಜಧಾನಿಯ ಕಥೆಯನ್ನೂ ಹೇಳಿ

ಮಾನ್ಯ ಮೇಯರ್ ಅವರಿಗೆ ನಮಸ್ಕಾರ.

ಬಲ್ಗೇರಿಯಾದ ಬಾಲ್ಕನ್ ಬೆಟ್ಟಸಾಲಿನ ಬುಡದಲ್ಲಿರುವ ನಿಮ್ಮ ಊರಿಗೆ ಜನ ಗುಲಾಬಿ ಹಬ್ಬ ನೋಡಲು ಬರುತ್ತಾರೆ. 1944ರಲ್ಲಿ ಸಿಕ್ಕ, ಆ ನಾಡಿನ ಪುರಾತನ ಜನರಾದ ಥ್ರೇಸಿಯನ್ನರ ಸಮಾಧಿಗೂ ಹೋಗುತ್ತಾರೆ. ಅದರ ಗೋಡೆಚಿತ್ರಗಳು ಹಾಳಾಗಬಾರದೆಂದು ಪಕ್ಕದಲ್ಲೇ ಪ್ರತಿಕೃತಿ ಕಟ್ಟಿದ್ದೀರಿ. ತುಂಬಾ ಒಳ್ಳೆಯ ಕೆಲಸ. ಆದರೆ ನಾನು ಬರೆಯುತ್ತಿರುವುದು ನಿಮ್ಮ ಊರ ಹತ್ತಿರದ ಕೊಪ್ರಿಂಕಾ ಜಲಾಶಯದ ಬಗ್ಗೆ.

1948ರಲ್ಲಿ ಆ ಅಣೆಕಟ್ಟಿನ ಕೆಲಸ ನಡೆದಾಗ ತುಂಜಾ ನದಿಯ ದಡದಲ್ಲಿ ಒಂದು ಪಟ್ಟಣವೇ ಸಿಕ್ಕಿತು. ಕ್ರಿ.ಪೂ. 4ನೇ ಶತಮಾನದ ಕೊನೆಯ ಹೊತ್ತಿಗೆ ಥ್ರೇಸಿಯನ್ ರಾಜ ಮೂರನೇ ಸೆವ್ತೆಸ್ ಕಟ್ಟಿಸಿದ ರಾಜಧಾನಿ ಅದು. ಕೋಟೆಗೋಡೆ, ನೇರ ಬೀದಿಗಳು, ನಡುವೆ ಸಂತೆ ಮೈದಾನ. ಅದರ ಹೆಸರು ಸೆವ್ತೊಪೊಲಿಸ್ ಎಂದು ತಿಳಿದದ್ದು ಅಲ್ಲೇ ಸಿಕ್ಕ ಗ್ರೀಕ್ ಶಾಸನದಿಂದ. 1954ರವರೆಗೆ ಅಗೆದು, ಅಳೆದು, ಬರೆದುಕೊಂಡರು. ಆಮೇಲೆ ನೀರು ತುಂಬಿಸಿದರು.

ನಾನು ಬಾಗಲಕೋಟೆ ಕಡೆಯವನು. ಆಲಮಟ್ಟಿ ಹಿನ್ನೀರಿನಿಂದಾಗಿ ಮುಳುಗಡೆ ಅಂದರೆ ಏನೆಂದು ನಮಗೆ ಗೊತ್ತು. ಹೊಲಕ್ಕೆ ನೀರು ಬೇಕಿತ್ತು, ಅದನ್ನು ನಾನು ದೂರುವುದಿಲ್ಲ. ಆದರೆ ನೀರಿನಡಿ ಏನಿದೆ ಎಂದು ಹೇಳುವವರು ಬೇಕಲ್ವಾ?

ಜಲಾಶಯದ ನಡುವೆ ದುಂಡಗೆ ಗೋಡೆ ಕಟ್ಟಿ, ಒಳಗಿನ ನೀರು ತೆಗೆದು ಪಟ್ಟಣವನ್ನು ಮತ್ತೆ ತೋರಿಸೋಣ ಎಂದು ವಾಸ್ತುಶಿಲ್ಪಿ ಝೆಕೊ ತಿಲೆವ್ ಯೋಜನೆ ಮಾಡಿದ್ದರು. ಕನಸು ದೊಡ್ಡದು, ಖರ್ಚೂ ಜಾಸ್ತಿ. ಇಷ್ಟು ವರ್ಷ ನೀರಲ್ಲಿದ್ದ ಕಲ್ಲುಗಳಿಗೆ ದಿಢೀರನೆ ಗಾಳಿ ಬಿಸಿಲು ತಾಗಿಸುವುದೂ ನನಗೆ ಭಯವೇ. ಗೋಡೆಗಾಗಿ ಕಾಯುತ್ತಾ ಕೂರಬೇಡಿ.

ಇದೇ ರಾಜ ಸೆವ್ತೆಸ್‌ನ ಸಮಾಧಿಯನ್ನು 2004ರಲ್ಲಿ ಪುರಾತತ್ವಜ್ಞ ಗೆಯೊರ್ಗಿ ಕಿತೊವ್ ತಂಡ ಶಿಪ್ಕಾ ಹತ್ತಿರದ ಗೊಲ್ಯಾಮಾ ಕೊಸ್ಮಾತ್ಕಾ ದಿಬ್ಬದಲ್ಲಿ ಪತ್ತೆ ಮಾಡಿತು. ಸಮಾಧಿಯ ಮುಂದೆ ಹೂತಿಟ್ಟಿದ್ದ ಅವನ ಕಂಚಿನ ತಲೆಯೂ ಸಿಕ್ಕಿತು. ಗಡ್ಡ ಬಿಟ್ಟ ಮುಖ, ಜೀವ ಇದೆಯೇನೋ ಅನ್ನಿಸುವ ಕಣ್ಣು. ಊರು ನೀರಲ್ಲಿ, ಸಮಾಧಿ ದಿಬ್ಬದಲ್ಲಿ, ತಲೆ ದೂರದ ಸೋಫಿಯಾದಲ್ಲಿ. ಒಬ್ಬನೇ ಮನುಷ್ಯನ ಕಥೆ ಹೀಗೆ ಚದುರಿದೆ.

ದಯವಿಟ್ಟು ಇದನ್ನು ಒಂದೇ ದಾರಿಯಾಗಿ ಜೋಡಿಸಿ. ನಿಮ್ಮ ಇಸ್ಕ್ರಾ ಮ್ಯೂಸಿಯಂನಿಂದ ಹೊರಟು, ದಿಬ್ಬ ನೋಡಿ, ಜಲಾಶಯದ ದಡಕ್ಕೆ ಬರುವ ಹಾಗೆ ಒಂದೇ ಟಿಕೆಟ್ ಕೊಡಿ. ದಡದಲ್ಲಿ ಪಟ್ಟಣದ ನಕ್ಷೆಯನ್ನು ಕಲ್ಲಲ್ಲಿ ಕೆತ್ತಿಸಿ, ಮಕ್ಕಳು ಅದರ ಬೀದಿಗಳಲ್ಲಿ ನಡೆಯುವಷ್ಟು ದೊಡ್ಡದಾಗಿ. ಮುಂದಿನ ಗುಲಾಬಿ ಹಬ್ಬದೊಳಗೆ ಕೆಲಸ ಶುರು ಮಾಡಿಸಿ.

ಇಂತಿ,
ಒಬ್ಬ ಕನ್ನಡಿಗ